ಉಮ್ ಕುಲ್ಸೂಮ್ ಹಿಂದೆ ಕೂತವರು

ಭಾಗ 1

ಫ್ರೆಂಡ್ಸ್, ಈ ವಾರದ ಸರಣಿ ಅರಬ್ ಸಂಗೀತದ್ದು. ಕ್ಯಾಪ್ಷನ್ ಉದ್ದ ಉಂಟು, ಮೊದಲೇ ಹೇಳಿಬಿಡ್ತೇನೆ. ಟೈಮ್ ಇಲ್ಲದವರು ಸೇವ್ ಮಾಡಿಟ್ಟು ರಾತ್ರಿ ಓದಿ.

ಉಮ್ ಕುಲ್ಸೂಮ್ ಅಂದರೆ ಎತ್ತಿ ಕಟ್ಟಿದ ತುರುಬು, ಕೈಯಲ್ಲೊಂದು ರೇಷ್ಮೆ ಕರವಸ್ತ್ರ, ಮುಂದೆ ಮೈಕು. ಈಜಿಪ್ಟಿನ ಗಾಯಕಿ. 1975ರಲ್ಲಿ ತೀರಿಹೋದರು. ಇವತ್ತಿಗೂ ಕೈರೋದ ಟ್ಯಾಕ್ಸಿಯಲ್ಲಿ, ಬಾಗ್ದಾದಿನ ಚಹಾದಂಗಡಿಯಲ್ಲಿ, ಕಾಸಾಬ್ಲಾಂಕಾದ ಮನೆಗಳಲ್ಲಿ ಅವರ ದನಿ ಕೇಳ್ತದೆ. ನಮ್ಮಲ್ಲಿ ಲತಾ, ಜಾನಕಿ, ಎಂ.ಎಸ್. ಸುಬ್ಬುಲಕ್ಷ್ಮಿ ಮೂವರನ್ನೂ ಸೇರಿಸಿದರೆ ಎಷ್ಟು ಪ್ರೀತಿ ಆಗ್ತದೋ ಅಷ್ಟು ಅಂತ ಇಟ್ಟುಕೊಳ್ಳಿ.

ಆದರೆ ನಾನು ಈ ಸಲ ಹೇಳಬೇಕು ಅಂತಿರುವುದು ಅವರ ಹಿಂದೆ ಸಾಲಾಗಿ ಕುರ್ಚಿ ಹಾಕಿ ಕೂತವರ ಕಥೆ, ಹಾಡು ಬರೆದುಕೊಟ್ಟವರ ಕಥೆ, ಟ್ಯೂನ್ ಹಾಕಿಕೊಟ್ಟವರ ಕಥೆ. ಅದರಲ್ಲಿ ಸ್ನೇಹ ಉಂಟು, ದುಡ್ಡು ಉಂಟು, ಕೋರ್ಟು ಕೇಸೂ ಉಂಟು. ಬಿಕಾಂ ಓದುವವರಿಗೆ ಹೇಳಿ ಮಾಡಿಸಿದ ಹಾಗೆ.

ಭಾಗ 2

ನೈಲ್ ನದಿ ಕವಲೊಡೆಯುವ ಬಯಲಿನಲ್ಲಿ, ದಕಹ್ಲಿಯಾ ಪ್ರಾಂತ್ಯದ ಒಂದು ಸಣ್ಣ ಹಳ್ಳಿ. ಅಪ್ಪ ಮಸೀದಿಯ ಇಮಾಮ್. ಸಂಬಳ ಕಮ್ಮಿ, ಹಾಗಾಗಿ ಮದುವೆ, ಹಬ್ಬಗಳಲ್ಲಿ ಭಕ್ತಿಗೀತೆ ಹಾಡಿ ನಾಲ್ಕು ಕಾಸು ಸಂಪಾದಿಸುವುದು. ಅಪ್ಪ ಅಣ್ಣನಿಗೆ ಕಲಿಸುತ್ತಿದ್ದದ್ದನ್ನು ಪಕ್ಕದಲ್ಲಿ ಕೂತ ಹುಡುಗಿ ಕೇಳಿಸಿಕೊಂಡೇ ಕಲಿತಳು. ದನಿ ಕೇಳಿದ ಅಪ್ಪನಿಗೆ ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಭಯ, ಮಗಳನ್ನು ಊರೂರು ಹಾಡಿಸುವುದು ಹೇಗೆ ಅಂತ. ಕೊನೆಗೆ ಗಂಡುಹುಡುಗನ ಉಡುಪು ಹಾಕಿಸಿ, ತಲೆಗೆ ಬೆದೂಯಿನರ ಹಾಗೆ ಬಟ್ಟೆ ಕಟ್ಟಿಸಿ ಕರಕೊಂಡು ಹೋದರು.

1920ರ ದಶಕದ ಆರಂಭದಲ್ಲಿ ಕುಟುಂಬ ಕೈರೋಗೆ ಬಂತು. ಶೇಖ್ ಅಬು ಅಲ್-ಇಲಾ ಮೊಹಮ್ಮದ್ ಅನ್ನುವ ಹಿರಿಯ ಗಾಯಕರು ಗುರುವಾದರು. ಸಿಟಿಯ ಜನ ಮೊದಲು ಹಳ್ಳಿ ಹುಡುಗಿ ಅಂತ ಮೂಗು ಮುರಿದರು. ಕುರಾನ್ ಪಠಣದಲ್ಲಿ ಪಳಗಿದ ನಾಲಿಗೆ, ಒಂದೊಂದು ಅಕ್ಷರವೂ ಸ್ಪಷ್ಟ. ಆ ಉಚ್ಚಾರಣೆಯ ಎದುರು ಮೂಗು ಮುರಿಯುವುದು ಹೆಚ್ಚು ದಿನ ನಡೆಯಲಿಲ್ಲ.

ಭಾಗ 3

ಇಲ್ಲಿ ಸ್ವಲ್ಪ ಸಂಗೀತದ ಪಾಠ. ಸ್ಕಿಪ್ ಮಾಡಬೇಡಿ ಮಾರ್ರೆ, ಚಂದ ಉಂಟು.

ನಮ್ಮಲ್ಲಿ ರಾಗ ಇದ್ದ ಹಾಗೆ ಅವರಲ್ಲಿ ಮಕಾಮ್. ರಾಸ್ತ್, ಬಯಾತಿ, ಸಬಾ, ಹಿಜಾಜ್, ಕುರ್ದ್, ಹೀಗೆ ಹತ್ತಾರು. ಕೆಲವು ಮಕಾಮ್‌ಗಳಲ್ಲಿ ಪಿಯಾನೋದ ಎರಡು ಪಕ್ಕದ ಕೀಲಿಗಳ ನಡುವೆ ಬೀಳುವ ಸ್ವರಗಳು ಬರುತ್ತವೆ. ಪಿಯಾನೋದಲ್ಲಿ ಅದನ್ನು ನುಡಿಸಲಿಕ್ಕೆ ಆಗುವುದೇ ಇಲ್ಲ. 1932ರಲ್ಲಿ ಕೈರೋದಲ್ಲಿ ರಾಜ ಫುವಾದ್ ಆಶ್ರಯದಲ್ಲಿ ಅರಬ್ ಸಂಗೀತದ ದೊಡ್ಡ ಸಮ್ಮೇಳನ ನಡೆದಾಗ ಪಿಯಾನೋವನ್ನು ಒಳಗೆ ಬಿಡಬೇಕೋ ಬೇಡವೋ ಅಂತಲೇ ಜೋರು ಚರ್ಚೆ ಆಯಿತು. ಹಂಗೇರಿಯ ಬಾರ್ತೋಕ್, ಜರ್ಮನಿಯ ಹಿಂಡೆಮಿತ್ ಅಂಥ ಸಂಯೋಜಕರೂ ಬಂದಿದ್ದರು. ನಮ್ಮಲ್ಲಿ ಹಾರ್ಮೋನಿಯಂ ಬೇಕೋ ಬೇಡವೋ ಅಂತ ಜಗಳ ಆದದ್ದು ನೆನಪಾಗ್ತದಲ್ಲ?

ವಾದ್ಯಗಳು: ಊದ್, ಉದ್ದಕ್ಕೆ ಸೀಳಿದ ಪೇರಳೆಯ ಹಾಗೆ ಹೊಟ್ಟೆ, ಮೆಟ್ಟಿಲುಗಳಿಲ್ಲದ ಗಿಡ್ಡ ಕುತ್ತಿಗೆ. ಕಾನೂನ್, ಮಡಿಲಲ್ಲಿಟ್ಟು ಮೀಟುವ ಹತ್ತಾರು ತಂತಿಗಳ ಪೆಟ್ಟಿಗೆ. ನಾಯ್, ಜೊಂಡಿನ ಕೊಳಲು. ರಿಕ್ಕ್, ನಮ್ಮ ಖಂಜಿರದ ಅಣ್ಣತಮ್ಮ. ಜೊತೆಗೆ ಪಿಟೀಲು.

ಇನ್ನು ಒಂದು ವಿಷಯ. ನಾವು ಸಣ್ಣವರಿರುವಾಗ ಸಂಗೀತ ಕ್ಲಾಸಿಗೆ ಹೋದವರೆಲ್ಲ ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಹೇಳಿದ್ದೇವೆ. ಈ ಪಾಠಕ್ರಮ ಪುರಂದರದಾಸರದ್ದು ಅಂತ ನಂಬಿಕೆ. ಆ ರಾಗದ ಸ್ವರಗಳನ್ನು ಅರಬರಿಗೆ ಹಾಡಿ ತೋರಿಸಿದರೆ ಅವರು ಹಿಜಾಜ್‌ಕಾರ್ ಅನ್ನುತ್ತಾರೆ! ಗಮಕ ಬೇರೆ, ನಡೆ ಬೇರೆ, ಆದರೆ ಏಳು ಮೆಟ್ಟಿಲು ಹೆಚ್ಚುಕಮ್ಮಿ ಅವೇ. ಅದಕ್ಕೇ ಅವರ ಹಿಜಾಜ್ ಬಗೆಯ ಹಾಡು ಕೇಳಿದಾಗ ನಮ್ಮ ಕಿವಿಗೆ ಎಲ್ಲಿಯೋ ಪರಿಚಯ ಇದ್ದ ಹಾಗೆ ಆಗುವುದು.

ಭಾಗ 4

ಈಗ ಮೊದಲ ಸ್ನೇಹಿತ, ಕವಿ ಅಹ್ಮದ್ ರಾಮಿ. ಕೈರೋದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೆಲಸ. ಪ್ಯಾರಿಸಿಗೆ ಹೋಗಿ ಪರ್ಷಿಯನ್ ಕಲಿತು, ಉಮರ್ ಖಯ್ಯಾಮನ ರುಬಾಯಿಗಳನ್ನು ನೇರವಾಗಿ ಮೂಲದಿಂದ ಅರಬ್ಬಿಗೆ ತಂದ ಮನುಷ್ಯ. 1924ರಲ್ಲಿ ಪ್ಯಾರಿಸಿನಿಂದ ವಾಪಸ್ ಬಂದಾಗ ಒಬ್ಬಳು ಹೊಸ ಹುಡುಗಿ ತಾನು ಬರೆದ ಕವಿತೆಯನ್ನೇ ಹಾಡ್ತಿದ್ದಾಳೆ ಅಂತ ಗೊತ್ತಾಯಿತು. ಹೋಗಿ ಕೇಳಿದರು. ಅಲ್ಲಿಂದ ಮುಂದೆ ಸುಮಾರು ಐವತ್ತು ವರ್ಷ ಆ ನಂಟು ಬಿಡಲಿಲ್ಲ.

ಅವರು ಪುಸ್ತಕ ತಂದುಕೊಟ್ಟು ಹಳೆಯ ಅರಬ್ಬಿ ಕಾವ್ಯ ಓದಿಸಿದರು. ಹಳ್ಳಿಯ ಹುಡುಗಿಗೆ ಸಾಹಿತ್ಯದ ಕಾಲೇಜು ಅಂದರೆ ರಾಮಿಯೇ. ನೂರಕ್ಕೂ ಹೆಚ್ಚು ಹಾಡು ಬರೆದುಕೊಟ್ಟರು. ಅವರಿಗೆ ಅವಳ ಮೇಲೆ ಪ್ರೀತಿ ಇತ್ತು ಅನ್ನುವುದು ಇಡೀ ಈಜಿಪ್ಟಿಗೆ ಗೊತ್ತಿದ್ದ ಗುಟ್ಟು. ಹಾಡಿಗೆ ದುಡ್ಡು ತಗೊಳ್ಳುತ್ತಿರಲಿಲ್ಲ ಅಂತ ಕೂಡ ಹೇಳ್ತಾರೆ. ಮದುವೆ ಆದದ್ದು ಇಬ್ಬರೂ ಬೇರೆಯವರನ್ನು.

ಈ ಪ್ರೇಮದ ಕಥೆಯನ್ನು ಜನ ಸಿಕ್ಕಾಪಟ್ಟೆ ಎಳೆಯುತ್ತಾರೆ, ನನಗೆ ಅದು ಬೋರು. ದೊಡ್ಡ ವಿಷಯ ಆ ಪುಸ್ತಕಗಳು. ಒಬ್ಬ ಗೆಳೆಯ ಇನ್ನೊಬ್ಬರಿಗೆ ಓದುವ ಪುಸ್ತಕ ಆರಿಸಿಕೊಟ್ಟು, ಅದನ್ನೇ ವರ್ಷಗಟ್ಟಲೆ ಮಾಡುವುದಕ್ಕೆ ಎಷ್ಟು ತಾಳ್ಮೆ ಬೇಕು!

ಭಾಗ 5

ಎರಡನೆಯವರು ಮೊಹಮ್ಮದ್ ಅಲ್-ಕಸಬ್ಜಿ. ಊದ್ ವಾದಕ, ಸಂಯೋಜಕ. 1926ರಲ್ಲಿ ಅಪ್ಪ-ಅಣ್ಣನ ಹಿಮ್ಮೇಳ ಬಿಟ್ಟು ನುರಿತ ವಾದ್ಯಗಾರರ ಮೇಳ ಕಟ್ಟುವಾಗ ಮುಂದೆ ನಿಂತವರು ಇವರೇ. 1928ರಲ್ಲಿ ಇವರು ರಾಗ ಹಾಕಿದ, ರಾಮಿ ಬರೆದ ಒಂದು ಹಾಡಿನ ಗ್ರಾಮಫೋನ್ ತಟ್ಟೆ ಆ ಕಾಲಕ್ಕೆ ಜೋರು ಮಾರಾಟ ಆಗಿ ಅವಳನ್ನು ಎಲ್ಲರಿಗಿಂತ ಮೇಲಕ್ಕೆ ಒಯ್ದಿತು.

ಕಸಬ್ಜಿಗೆ ಹೊಸದರ ಹುಚ್ಚು. ಪಾಶ್ಚಾತ್ಯ ಸಂಗೀತ ಕೇಳುವುದು, ಅದರಲ್ಲಿ ಎಂತ ತರಬಹುದು ಅಂತ ಪ್ರಯೋಗ ಮಾಡುವುದು. 1940ರ ದಶಕ ಕಳೆಯುವಷ್ಟರಲ್ಲಿ ಉಮ್ ಕುಲ್ಸೂಮ್ ಅವರ ಟ್ಯೂನ್ ತಗೊಳ್ಳುವುದನ್ನು ನಿಲ್ಲಿಸಿಬಿಟ್ಟರು. ಬೇರೆಯವರ ಟ್ಯೂನ್ ಬಂತು. ಕಸಬ್ಜಿ ಎಂತ ಮಾಡಿದರು ಗೊತ್ತುಂಟಾ? ಮೇಳದಲ್ಲಿ ತನ್ನ ಕುರ್ಚಿಯಲ್ಲಿಯೇ ಕೂತರು. ಒಂದು ಕಾಲದಲ್ಲಿ ಆ ಮೇಳವನ್ನೇ ಕಟ್ಟಿದ ಮನುಷ್ಯ ಅವರ ಬೆನ್ನ ಹಿಂದೆ ಕೂತು ಬೇರೆಯವರ ಹಾಡುಗಳಿಗೆ ಊದ್ ನುಡಿಸಿದರು, 1966ರಲ್ಲಿ ತೀರಿಹೋಗುವವರೆಗೆ. ಹಳೆಯ ಕಪ್ಪು-ಬಿಳುಪು ವಿಡಿಯೋಗಳಲ್ಲಿ ಹುಡುಕಿ ನೋಡಿ, ಗಾಯಕಿಯ ಹಿಂದೆಯೇ ಕನ್ನಡಕ ಹಾಕಿದ ಮುದುಕರು ಊದ್ ಹಿಡಿದು ತಲೆ ಬಗ್ಗಿಸಿ ಕೂತಿರುತ್ತಾರೆ.

ಅವರು ಸತ್ತ ಮೇಲೆ ಆ ಕುರ್ಚಿಯನ್ನು ವೇದಿಕೆಯಲ್ಲಿ ಖಾಲಿ ಇಡಿಸಿದರು ಅಂತ ಒಂದು ಕಥೆ ಹೇಳುತ್ತಾರೆ. ಕೇಳುವವರ ಕಣ್ಣಲ್ಲಿ ನೀರು ಬರ್ತದೆ. ನನಗೆ ಮಾತ್ರ ಸ್ವಲ್ಪ ಸಿಟ್ಟು ಬರ್ತದೆ. ಬದುಕಿದ್ದಾಗ ಒಂದು ಹಾಡು ತಗೊಂಡಿದ್ದರೆ ಆಗುತ್ತಿರಲಿಲ್ಲವಾ? ಆದರೂ ಕಸಬ್ಜಿಯೇ ಎದ್ದು ಹೋಗದೆ ಕೂತಿದ್ದರು ಅನ್ನುವುದನ್ನು ಮರೆಯುವ ಹಾಗಿಲ್ಲ. ಅವರಿಗೆ ಬೇರೆ ಕಡೆ ಕೆಲಸ ಸಿಗದೆ ಏನಲ್ಲ.

ಭಾಗ 6

ಬಿಕಾಂನವರೇ, ಇದು ನಿಮಗೆ.

ಶೇಖ್ ಜಕರಿಯಾ ಅಹ್ಮದ್ ಅನ್ನುವ ಸಂಯೋಜಕ, ಬೈರಮ್ ಅಲ್-ತೂನಿಸಿ ಅನ್ನುವ ಕವಿ. ಬೈರಮ್ ಅಲೆಕ್ಸಾಂಡ್ರಿಯಾದವರು, ಆಡುಭಾಷೆಯಲ್ಲಿ ಬರೆದು ರಾಜಮನೆತನವನ್ನೇ ಲೇವಡಿ ಮಾಡಿ ವರ್ಷಗಟ್ಟಲೆ ದೇಶದಿಂದ ಹೊರಗೆ ಇರಬೇಕಾಯಿತು. ಇವರಿಬ್ಬರ ಜೋಡಿ 1940ರ ದಶಕದಲ್ಲಿ ಉಮ್ ಕುಲ್ಸೂಮ್‌ಗೆ ಕೊಟ್ಟ ಹಾಡುಗಳು ಬೀದಿಯ ಮಾತಿನ ಹಾಗೆ ಇದ್ದವು, ಆದರೆ ರಾಗದಲ್ಲಿ ಅಪ್ಪಟ ಹಳೆಯ ಸಂಪ್ರದಾಯ. ನನ್ನ ಪ್ರಕಾರ ಅವರ ಅತ್ಯುತ್ತಮ ಕಾಲ ಇದೇ.

ಆಮೇಲೆ ಜಗಳ ಆಯಿತು, ದುಡ್ಡಿನ ಜಗಳ. ಜಕರಿಯಾ ಹೇಳಿದ್ದು ಇಷ್ಟು: ಟ್ಯೂನಿಗೆ ಒಂದು ಸಲ ನಿಗದಿ ಮೊತ್ತ ಕೊಟ್ಟು ಕೈತೊಳೆದುಕೊಂಡರೆ ಆಗಲಿಲ್ಲ, ಹಾಡು ರೇಡಿಯೋದಲ್ಲಿ ಮತ್ತೆ ಮತ್ತೆ ಬಂದು ದುಡ್ಡು ಮಾಡ್ತಿದ್ದರೆ ನನಗೂ ಪಾಲು ಬೇಕು. ಅಂದರೆ ಲಂಪ್‌ಸಮ್ ಬೇಡ, ರಾಯಲ್ಟಿ ಕೊಡಿ. ಉಮ್ ಕುಲ್ಸೂಮ್ ವ್ಯವಹಾರದಲ್ಲಿ ಭಾರಿ ಗಟ್ಟಿ, ತನ್ನ ಕರಾರುಗಳನ್ನು ತಾನೇ ನೋಡಿಕೊಳ್ಳುತ್ತಿದ್ದವರು. ಒಪ್ಪಲಿಲ್ಲ. ಕೇಸು ಕೋರ್ಟಿಗೆ ಹೋಯಿತು. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಈ ಜೋಡಿಯಿಂದ ಹೊಸ ಹಾಡು ಇಲ್ಲ.

ನಾವು ದಿನಾ ಬಳಸುವ ಜಮಾ, ಬಾಕಿ, ವಸೂಲಿ ಇವೆಲ್ಲ ಪರ್ಷಿಯನ್ ದಾರಿಯಲ್ಲಿ ಬಂದ ಅರಬ್ಬಿ ಶಬ್ದಗಳೇ. ಇಲ್ಲಿ ಬಾಕಿ ಯಾರದ್ದು ಅಂತ ಹೇಳುವುದು ಕಷ್ಟ. ಜಕರಿಯಾ ಕೇಳಿದ್ದು ನ್ಯಾಯ, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ಹಳೆಯ ಪದ್ಧತಿಯಲ್ಲಿ ಬೆಳೆದ ಗಾಯಕಿಗೆ, ನನ್ನ ದನಿಯಿಂದ ಹಾಡು ನಡೆದದ್ದು, ಇವನಿಗೆ ಯಾಕೆ ಪಾಲು ಅಂತ ಅನಿಸಿರಬಹುದು. ಇವತ್ತಿಗೂ ನಮ್ಮ ಸಿನಿಮಾ ಸಂಗೀತದಲ್ಲಿ ಇದೇ ಪ್ರಶ್ನೆ ನಡೀತಾ ಉಂಟಲ್ಲ.

1960ರಲ್ಲಿ ರಾಜಿ ಆಯಿತು. ಮುನಿಸು ಮುಗಿದ ಮೇಲೆ ಬೈರಮ್ ಬರೆದು ಜಕರಿಯಾ ರಾಗ ಹಾಕಿದ ಹಾಡು, ಪ್ರೀತಿಗೆ ಎಲ್ಲರನ್ನೂ ಸೋಲಿಸುವ ಶಕ್ತಿ ನಿಜವಾಗಿ ಉಂಟಾ ಅಂತ ಕೇಳುವಂಥದ್ದು. ಜನ ಹುಚ್ಚೆದ್ದು ಕೇಳಿದರು. 1961ರ ಜನವರಿಯಲ್ಲಿ ಬೈರಮ್ ತೀರಿಕೊಂಡರು. ಫೆಬ್ರವರಿಯಲ್ಲಿ ಜಕರಿಯಾ.

ಭಾಗ 7

ರೇಡಿಯೋ ಬಗ್ಗೆ ಹೇಳದೆ ಇದು ಮುಗಿಯುವುದಿಲ್ಲ. 1934ರ ಮೇ 31ರಂದು ಈಜಿಪ್ಟಿನ ಸರಕಾರಿ ರೇಡಿಯೋ ಶುರುವಾದ ದಿನವೇ ಅವರು ಹಾಡಿದ್ದರು. ಆಮೇಲೆ ಕಛೇರಿ ಸೀಸನ್‌ನಲ್ಲಿ ತಿಂಗಳ ಮೊದಲ ಗುರುವಾರ ರಾತ್ರಿ ನೇರಪ್ರಸಾರ. ಆ ಹೊತ್ತಿಗೆ ಊರೂರಿನ ಬೀದಿಗಳು ಖಾಲಿ ಆಗ್ತಿದ್ದವು ಅಂತ ಹಳಬರು ನೆನಪಿಸಿಕೊಳ್ತಾರೆ. ಕಾಫಿ ಅಂಗಡಿಯಲ್ಲಿ ಕಾರ್ಮಿಕ, ವಕೀಲ, ಮೇಷ್ಟ್ರು ಒಂದೇ ರೇಡಿಯೋದ ಸುತ್ತ.

ಒಂದು ಹಾಡು ಒಂದು ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ! ಯಾಕೆ ಅಷ್ಟು ಉದ್ದ ಅಂದರೆ, ಒಂದೇ ಸಾಲನ್ನು ಹತ್ತು ಹದಿನೈದು ಸಲ ಹಾಡುತ್ತಿದ್ದರು, ಪ್ರತಿ ಸಲ ಬೇರೆ ಥರ. ನಮ್ಮ ಕಛೇರಿಯಲ್ಲಿ ನೆರವಲ್ ಮಾಡುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆ. ಜನ ‘ಅಲ್ಲಾ!’ ಅಂತ ಕೂಗುವುದು, ಇನ್ನೊಮ್ಮೆ ಅನ್ನುವುದು, ಅದನ್ನು ಕೇಳಿ ಅವರು ಮತ್ತೆ ಹಾಡುವುದು. ಹಾಡುವವರೂ ಕೇಳುವವರೂ ಸೇರಿ ಏರುವ ಈ ಅಮಲಿಗೆ ಅರಬ್ಬಿಯಲ್ಲಿ ತರಬ್ ಅಂತ ಹೆಸರು. ಗಾಯಕಿಗೆ ಮುತ್ರಿಬಾ ಅನ್ನುವುದು ಇದೇ ಶಬ್ದದಿಂದ. ಕೇಳುಗರಿಲ್ಲದೆ ತರಬ್ ಇಲ್ಲ.

ನಮ್ಮ ಕರಾವಳಿಯಲ್ಲಿ ಉಡುಪಿ, ಭಟ್ಕಳ, ಮಂಗಳೂರು ಕಡೆ ಗಲ್ಫ್‌ಗೆ ಹೋಗದ ಮನೆ ಕಮ್ಮಿ. ನನ್ನ ದೊಡ್ಡಪ್ಪ ಕುವೈತ್‌ನಲ್ಲಿ ಡ್ರೈವರ್ ಆಗಿದ್ದರು. ಜೊತೆಗೆ ಕೆಲಸ ಮಾಡುತ್ತಿದ್ದ ಈಜಿಪ್ಟಿನವರೊಬ್ಬರು ಲಾರಿಯಲ್ಲಿ ಇವರ ಕ್ಯಾಸೆಟ್ ಹಾಕಿದರೆ ಊರು ಮುಟ್ಟುವವರೆಗೆ ಒಂದೇ ಹಾಡಂತೆ. ‘ಮೊದಲು ತಲೆನೋವು, ಆಮೇಲೆ ಅಭ್ಯಾಸ, ಆಮೇಲೆ ನಾನೇ ಹಾಕು ಮಾರಾಯ ಅಂತ ಕೇಳ್ತಿದ್ದೆ’ ಅಂತಾರೆ ದೊಡ್ಡಪ್ಪ. ಆ ಮನುಷ್ಯರು ಊರಿಗೆ ಹೋಗುವಾಗ ಕೊಟ್ಟ ಎರಡು ಕ್ಯಾಸೆಟ್ ಈಗಲೂ ನಮ್ಮ ಕಪಾಟಿನಲ್ಲಿ ಉಂಟು, ಪ್ಲೇಯರ್ ಇಲ್ಲ ಅಷ್ಟೆ.

ಭಾಗ 8

ಮೊಹಮ್ಮದ್ ಅಬ್ದೆಲ್ ವಹಾಬ್ ಮತ್ತು ಉಮ್ ಕುಲ್ಸೂಮ್ ನಾಲ್ಕು ದಶಕ ಪ್ರತಿಸ್ಪರ್ಧಿಗಳು. ಆತನೂ ಗಾಯಕ, ಸಂಯೋಜಕ, ಸಿನಿಮಾ ನಾಯಕ. ಅಭಿಮಾನಿಗಳು ಎರಡು ಪಾರ್ಟಿ. ಕೊನೆಗೆ 1964ರ ಫೆಬ್ರವರಿಯ ಮೊದಲ ಗುರುವಾರ ಅಬ್ದೆಲ್ ವಹಾಬ್ ಟ್ಯೂನ್, ಉಮ್ ಕುಲ್ಸೂಮ್ ದನಿ: ‘ಇಂತ ಉಮ್ರಿ’, ಅಂದರೆ ನೀನೇ ನನ್ನ ಬದುಕು. ಪತ್ರಿಕೆಗಳು ಇದನ್ನು ಮೋಡಗಳ ಭೇಟಿ ಅಂತ ಕರೆದವು. ಮೇಳದಲ್ಲಿ ಎಲೆಕ್ಟ್ರಿಕ್ ಗಿಟಾರ್ ಬೇರೆ! ಸಂಪ್ರದಾಯಸ್ಥರಿಗೆ ಹೊಟ್ಟೆ ಉರಿ, ಹುಡುಗರಿಗೆ ಖುಷಿ. ಹೊಸತಿಗೆ ಕೈ ಹಾಕ್ತಾನೆ ಅಂತಲೇ ಪಕ್ಕಕ್ಕೆ ಕೂತ ಕಸಬ್ಜಿ ಆ ದಿನಗಳಲ್ಲೂ ಮೇಳದಲ್ಲಿದ್ದರು ಅನ್ನುವುದು ನೆನಪಿರಲಿ.

1967ರ ಜೂನ್ ಯುದ್ಧದಲ್ಲಿ ಈಜಿಪ್ಟ್ ಸೋತಿತು. ಆಗ ಅವರಿಗೆ ಅರವತ್ತು ದಾಟಿತ್ತು, ಆರೋಗ್ಯ ಸರಿ ಇರಲಿಲ್ಲ. ಆದರೂ ದೇಶಕ್ಕೆ ನಿಧಿ ಸಂಗ್ರಹಿಸಲು ಹೊರಟರು. ಅದೇ ವರ್ಷ ನವೆಂಬರಿನಲ್ಲಿ ಪ್ಯಾರಿಸಿನ ಒಲಿಂಪಿಯಾ, ಆಮೇಲೆ ಮೊರಾಕೊ, ಟುನೀಶಿಯಾ, ಕುವೈತ್, ಲೆಬನಾನ್, ಲಿಬಿಯಾ, ಸುಡಾನ್. ಸಂಭಾವನೆ ಸರಕಾರಕ್ಕೆ. ಜಕರಿಯಾಗೆ ಪಾಲು ಕೊಡದವರು ಇವರೇನಾ ಅಂತ ಕೇಳಬೇಡಿ, ಮನುಷ್ಯರು ಹಾಗೇ.

1967ರಲ್ಲೇ ಅವರು ನಮ್ಮ ಇಕ್ಬಾಲ್ ಕವಿತೆ ಕೂಡ ಹಾಡಿದ್ದಾರೆ. ‘ಸಾರೆ ಜಹಾಂಸೆ ಅಚ್ಛಾ’ ಬರೆದ ಇಕ್ಬಾಲರ ಉರ್ದು ‘ಶಿಕ್ವಾ’ ಅರಬ್ಬಿಗೆ ಅನುವಾದವಾಗಿ, ರಿಯಾದ್ ಅಲ್-ಸುನ್ಬಾತಿ ರಾಗದಲ್ಲಿ. ಸುನ್ಬಾತಿ ಬಗ್ಗೆ ಬೇರೆಯೇ ಸರಣಿ ಬೇಕು, ಇಲ್ಲಿ ಜಾಗ ಸಾಲದು.

1975ರ ಫೆಬ್ರವರಿ 3ರಂದು ಉಮ್ ಕುಲ್ಸೂಮ್ ತೀರಿಹೋದರು. ಕೈರೋ ಬೀದಿಗಳಲ್ಲಿ ಲಕ್ಷಾಂತರ ಜನ. ಶವಪೆಟ್ಟಿಗೆಯನ್ನು ಹೊತ್ತವರ ಹೆಗಲಿಂದ ಜನ ಕಿತ್ತುಕೊಂಡು, ಕೈಯಿಂದ ಕೈಗೆ ದಾಟಿಸುತ್ತಾ ಅಲ್-ಹುಸೇನ್ ಮಸೀದಿಯ ಕಡೆ ಒಯ್ದರು. ರಾಮಿ ಇನ್ನೂ ಬದುಕಿದ್ದರು. ಅವಳಿಗಾಗಿ ಒಂದು ಶೋಕಗೀತೆ ಬರೆದರು. 1981ರಲ್ಲಿ ಅವರೂ ಹೋದರು.

ಕೇಳಬೇಕು ಅನ್ನುವವರು ‘ಇಂತ ಉಮ್ರಿ’ಯಿಂದ ಶುರು ಮಾಡಿ, ಕುರ್ದ್ ಮಕಾಮ್, ನಮ್ಮ ಕಿವಿಗೆ ಸುಲಭ. ದನಿ ಬರುವ ಮೊದಲು ವಾದ್ಯಗಳೇ ಎಷ್ಟೋ ನಿಮಿಷ ನುಡೀತವೆ, ಅಲ್ಲಿ ಫಾರ್ವರ್ಡ್ ಮಾಡಬೇಡಿ. ಸ್ಟುಡಿಯೋ ರೆಕಾರ್ಡ್ ಬೇಡ, ಜನರ ಕೂಗು ಇರುವ ಕಛೇರಿ ರೆಕಾರ್ಡೇ ಹುಡುಕಿ. ಕೇಳಿದವರು ಕಮೆಂಟಿನಲ್ಲಿ ಹೇಳಿ, ಎಷ್ಟನೇ ನಿಮಿಷಕ್ಕೆ ಹಿಡಿಯಿತು ಅಂತ. ನನಗೆ ಎರಡನೇ ಸಲ ಕೇಳುವಾಗ ಹಿಡಿದದ್ದು.

#ಉಮ್‌ಕುಲ್ಸೂಮ್ #ಅರಬ್‌ಸಂಗೀತ #ಇತಿಹಾಸಸರಣಿ