ಪಕ್ಕದಲ್ಲಿ ನಿಂತವರು, ಭಾಗ 4: ಜಿಮ್ಮಿ ಡ್ಯೂಕರ್

ಒಂದು ಗೋಣಿಚೀಲ ನೆನಪಿಸಿಕೊಳ್ಳಿ. ನೂರು ವರ್ಷದ ಹಿಂದೆ ಬಂಗಾಳದ ಸೆಣಬು ಹಡಗು ಹತ್ತಿ ಸ್ಕಾಟ್ಲೆಂಡಿನ ಡಂಡೀ ಅನ್ನೋ ಊರಿಗೆ ಹೋಗ್ತಿತ್ತು. ಅಲ್ಲಿನ ಗಿರಣಿಗಳಲ್ಲಿ ಅದೇ ಗೋಣಿಬಟ್ಟೆ ಆಗ್ತಿತ್ತು. ಆ ಗಿರಣಿಗಳ ಊರಲ್ಲಿ 1930ರಲ್ಲಿ ಹುಟ್ಟಿದವರು ಜಿಮ್ಮಿ ಡ್ಯೂಕರ್. ಅವರು ಕೈಗೆತ್ತಿಕೊಂಡಿದ್ದು ಮಾತ್ರ ಟ್ರಂಪೆಟ್.

ಆ ಕಾಲ ಹೇಗಿತ್ತು ಗೊತ್ತಾ? 1940ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಸೇರಿ ಬೀಬಾಪ್ ಅನ್ನೋ ಹೊಸ ಜಾಜ್ ಹುಟ್ಟುಹಾಕಿದ್ರು. ತುಂಬಾ ವೇಗ, ತುಂಬಾ ಕಷ್ಟ. ಆದ್ರೆ 1935ರಿಂದ ಸುಮಾರು 20 ವರ್ಷ ಅಮೆರಿಕದ ಬ್ಯಾಂಡ್‌ಗಳಿಗೆ ಬ್ರಿಟನ್‌ನಲ್ಲಿ ನುಡಿಸೋಕೆ ಪರ್ಮಿಟ್ ಸಿಗೋದೇ ಕಷ್ಟವಾಗಿತ್ತು. ಅದಕ್ಕೆ ಲಂಡನ್‌ನ ಹುಡುಗರು ಏನು ಮಾಡಿದ್ರು? ಅಮೆರಿಕಕ್ಕೆ ಹೋಗೋ ದೊಡ್ಡ ಹಡಗುಗಳ ಬ್ಯಾಂಡ್‌ನಲ್ಲಿ ಕೆಲಸಕ್ಕೆ ಸೇರಿದ್ರು! ಹಡಗು ನ್ಯೂಯಾರ್ಕ್ ಮುಟ್ಟಿದ ತಕ್ಷಣ ಕ್ಲಬ್‌ಗಳಿಗೆ ಓಡಿ, ಕೇಳಿ, ಕಲಿತು ವಾಪಸ್ ಬಂದ್ರು.

1948ರಲ್ಲಿ ಅವರೇ ಲಂಡನ್‌ನಲ್ಲಿ 'ಕ್ಲಬ್ ಇಲೆವೆನ್' ಶುರು ಮಾಡಿದ್ರು. ಹತ್ತು ಕಲಾವಿದರು, ಒಬ್ಬ ಮ್ಯಾನೇಜರ್, ಒಟ್ಟು ಹನ್ನೊಂದು. ಜಿಮ್ಮಿ ಬೆಳೆದದ್ದು ಈ ಗುಂಪಿನ ನಡುವೆ. 1950ರಲ್ಲಿ ಜಾನಿ ಡ್ಯಾಂಕ್‌ವರ್ತ್ ಕಟ್ಟಿದ ಏಳು ಜನರ ಬ್ಯಾಂಡ್‌ನಲ್ಲಿ ಟ್ರಂಪೆಟ್ ಇವರದೇ. ವಯಸ್ಸು 20ರ ಆಸುಪಾಸು. ಅಂದ್ರೆ ನಮ್ಮ ವಯಸ್ಸು.

ಆಮೇಲೆ ರಾನಿ ಸ್ಕಾಟ್ ಬ್ಯಾಂಡ್. 1955ರಲ್ಲಿ ತಮ್ಮದೇ ಹೆಸರಲ್ಲಿ 'ಪಬ್ ಕ್ರಾಲಿಂಗ್' ರೆಕಾರ್ಡ್. ಅದರ ಟ್ಯೂನ್‌ಗಳಿಗೆ ಇಟ್ಟಿದ್ದು ಬಿಯರ್‌ಗಳ ನೆನಪಿನ ಹೆಸರುಗಳು. ತಮಾಷೆ ಮನುಷ್ಯ ಇರಬೇಕು!

1957ರಲ್ಲಿ ಜರ್ಮನಿಯ ಕಲೋನ್‌ಗೆ ಹೋದ್ರು. ಅಲ್ಲಿ ಕುರ್ಟ್ ಎಡೆಲ್‌ಹಾಗೆನ್ ಅವರ ರೇಡಿಯೋ ಬಿಗ್ ಬ್ಯಾಂಡ್‌ನಲ್ಲಿ ಹಲವು ದೇಶದವರು ಒಟ್ಟಿಗೆ ಕೂತು ನುಡಿಸ್ತಿದ್ರು. 1960ರಲ್ಲಿ ಲಂಡನ್‌ಗೆ ವಾಪಸ್, ಮೊದಲು ರಾನಿ ಸ್ಕಾಟ್, ಆಮೇಲೆ ಸ್ಯಾಕ್ಸೊಫೋನ್ ಹುಲಿ ಟಬ್ಬಿ ಹೇಯ್ಸ್ ಜೊತೆ. 1960ರ ದಶಕದ ಮಧ್ಯದಲ್ಲಿ ಮತ್ತೆ ಕಲೋನ್. ಅಷ್ಟೊತ್ತಿಗೆ ಬ್ರಿಟನ್‌ನಲ್ಲಿ ಎಲ್ಲರ ಬಾಯಲ್ಲೂ ಬೀಟಲ್ಸ್. 1970ರ ದಶಕದಲ್ಲಿ ತಾಯ್ನಾಡಿಗೆ ಮರಳಿದ್ರು. 1993ರಲ್ಲಿ ತೀರಿಕೊಂಡ್ರು.

ಗಮನಿಸಿದ್ರಾ? ಡ್ಯಾಂಕ್‌ವರ್ತ್, ಸ್ಕಾಟ್, ಎಡೆಲ್‌ಹಾಗೆನ್, ಹೇಯ್ಸ್. ಹೆಚ್ಚಿನ ಕಡೆ ಬ್ಯಾಂಡಿನ ಹೆಸರು ಬೇರೆಯವರದು. ಜಿಮ್ಮಿ ನುಡಿಸಿದ್ದಷ್ಟೇ ಅಲ್ಲ, ಅರೇಂಜ್‌ಮೆಂಟ್ ಕೂಡ ಬರೀತಿದ್ರು. ಅಂದ್ರೆ ಯಾವ ವಾದ್ಯ ಯಾವಾಗ ಏನು ನುಡಿಸಬೇಕು ಅಂತ ಕೂತು ಬರೆಯೋ ಕೆಲಸ. ಕೇಳೋರ ಕಣ್ಣಿಗೆ ಅದು ಬೀಳೋದೇ ಇಲ್ಲ.

ಅಕೌಂಟ್ಸ್ ಕ್ಲಾಸ್‌ನಲ್ಲಿ ಒಂದು ನಿಯಮ ಓದಿದ್ವಲ್ಲ: ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್ ಮಾತ್ರ ಲೆಕ್ಕದ ಪುಸ್ತಕಕ್ಕೆ ಬರುತ್ತೆ. ನಾವೇ ವರ್ಷಗಟ್ಟಲೆ ದುಡಿದು ಗಳಿಸಿದ್ದು ಬರಲ್ಲ. ಆದ್ರೆ ಅದು ಇಲ್ಲ ಅಂತಲ್ಲ. ಜಿಮ್ಮಿ ಬಗ್ಗೆ ಓದುವಾಗ ನನಗೆ ನೆನಪಾಗಿದ್ದು ಅದೇ.

ಒಂದು ಕೆಲಸ ಮಾಡಿ. 1962ರಲ್ಲಿ ರಾನಿ ಸ್ಕಾಟ್ ಕ್ಲಬ್‌ನಲ್ಲಿ ಟಬ್ಬಿ ಹೇಯ್ಸ್ ತಂಡ ಲೈವ್ ಆಗಿ ರೆಕಾರ್ಡ್ ಮಾಡಿದ್ದನ್ನ ಹುಡುಕಿ ಕೇಳಿ. ಮೊದಲ ಸಲ ಸ್ಯಾಕ್ಸೊಫೋನ್ ಕೇಳಿ. ಎರಡನೇ ಸಲ ಬರೀ ಟ್ರಂಪೆಟ್ ಹಿಂದೆ ಹೋಗಿ.

ನಿಮ್ಮ ಗ್ಯಾಂಗ್‌ನಲ್ಲೂ ಇಂಥವರು ಒಬ್ಬರು ಇದ್ದೇ ಇರ್ತಾರೆ. ಕೆಳಗೆ ಟ್ಯಾಗ್ ಮಾಡಿ, ಇವತ್ತಾದ್ರೂ ಹೆಸರು ಬರಲಿ.

#ಪಕ್ಕದಲ್ಲಿನಿಂತವರು #ಕನ್ನಡದಲ್ಲಿಇತಿಹಾಸ