ಹೆತ್ತವರು ಬಾಯಿ ಬಿಟ್ಟ ಕಾಲ

2001ನೇ ಇಸವಿಯನ್ನು ನಮ್ಮ ಸೀಮೆಯವರು ಎರಡು ಕಾರಣಕ್ಕೆ ನೆನೆಯಬೇಕು. ಮೊದಲನೆಯದು ಎಲ್ಲರಿಗೂ ಗೊತ್ತಿರುವುದೇ. ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಂದಿನಿಂದ ನಡೆದುಬಂದಿದ್ದ ದುಡಿಮೆ ನಿಂತುಹೋಯಿತು. ಎರಡನೆಯದು, ಅದಾದ ಸರಿಯಾಗಿ ಎರಡು ತಿಂಗಳಿಗೆ, ಏಪ್ರಿಲ್ 28ರಂದು ಹೊರಟ ಸರ್ಕಾರಿ ಆದೇಶ. ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ, ಹಳೆಯ ಗ್ರಾಮ ಶಿಕ್ಷಣ ಸಮಿತಿಗಳ ಜಾಗಕ್ಕೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ನಾವು ಕರೆಯುವ ಎಸ್‌ಡಿಎಂಸಿ, ಬಂದಿತು. ಒಂಬತ್ತು ಜನ ಪೋಷಕರು ಚುನಾಯಿತರಾಗಬೇಕು, ಅಧ್ಯಕ್ಷರೂ ಅವರಲ್ಲೊಬ್ಬರೇ ಆಗಬೇಕು ಎಂಬುದು ಅದರ ಹೊಸತನ.

ಆದರೆ ಆ ಪೋಷಕರು ಸಿಗುವುದೆಲ್ಲಿ? ಗಣಿ ಮುಚ್ಚಿದ ಮೇಲೆ ಗಂಡಸರು ಬೆಳಗಿನ ಜಾವ ಮಾರಿಕುಪ್ಪಂ ಕಡೆಯ ರೈಲು ಹಿಡಿದು, ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗಿ, ರಾತ್ರಿ ಮನೆ ಸೇರುತ್ತಿದ್ದರು. ಮಧ್ಯಾಹ್ನ ಮೂರು ಗಂಟೆಗೆ ಸಭೆ ಕರೆದರೆ ಬರುತ್ತಿದ್ದವರು ತಾಯಂದಿರು. ಇದು ಯಾರೂ ಯೋಜಿಸಿದ್ದಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಳಗಿನ ಚಿಲಕ ಬೇಕು ಎಂಬಂಥ ಮಾತು ಸಭೆಗೆ ಬಂದಿದ್ದು ಹಾಗೆಯೇ ಎಂದು ನನ್ನ ಅಮ್ಮ ಹೇಳುತ್ತಾರೆ. ಶಿಕ್ಷಣ ಹಕ್ಕು ಕಾಯಿದೆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಲೇಬೇಕೆಂದದ್ದು ಆಮೇಲೆ. ಅದು ಜಾರಿಗೆ ಬಂದಿದ್ದು 2010ರಲ್ಲಿ.

ಅಮ್ಮ ಹೇಳುವ ಇನ್ನೊಂದು ಸಂಗತಿ ನನಗೆ ತುಂಬ ಮುಖ್ಯವೆನಿಸುತ್ತದೆ. ಶಾಲೆಯಿಂದ ಮನೆಗೆ ಬರುವ ಚೀಟಿ ಕನ್ನಡದಲ್ಲಿ. ಮನೆಗಳಲ್ಲೋ ತಮಿಳು, ತೆಲುಗು, ಉರ್ದು. "ಚೀಟಿ ಕಳಿಸಿ ಸುಮ್ಮನಾಗಬೇಡಿ ಮೇಷ್ಟ್ರೇ, ಸಭೇಲಿ ಓದಿ ಹೇಳಿ" ಎಂದು ಒಬ್ಬ ತಾಯಿ ಕೇಳಿದರಂತೆ. ಖರ್ಚಿಲ್ಲದ ಸುಧಾರಣೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ಒಂದು ಕೊಠಡಿ ತೆರೆದಿಟ್ಟು ದೀಪ ಹಾಕಿ ಎಂಬುದೂ ಅವರದೇ ಬೇಡಿಕೆ. ಒಂದೇ ಕೋಣೆಯ ಲೈನ್ ಮನೆಯಲ್ಲಿ ಓದುವುದು ಎಲ್ಲಿ? ಕುಡಿಯುವ ನೀರಿನ ಮಾತಂತೂ ಪ್ರತಿ ಸಭೆಯಲ್ಲೂ. ಕೊಳವೆಬಾವಿಯ ಫ್ಲೋರೈಡ್ ಮಕ್ಕಳ ಹಲ್ಲಿನಲ್ಲೇ ಕಾಣುವ ಜಿಲ್ಲೆ ನಮ್ಮದು.

ತಂದೆಯರು ಸಿಕ್ಕಾಗ ಒಂದೇ ಮಾತು: ಇಂಗ್ಲಿಷ್. ಪಂಡಿತರಿಗೆ ಇದು ಹಿಡಿಸುವುದಿಲ್ಲ. ಕನ್ನಡದಲ್ಲೇ ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ನನಗೂ ಅರ್ಧ ಮಾತ್ರ ಒಪ್ಪಿಗೆ. ಭಾಷೆಯಾಗಿ ಚೆನ್ನಾಗಿ ಕಲಿಸಿದರೆ ಸಾಕಿತ್ತು, ವಿಜ್ಞಾನ ಕನ್ನಡದಲ್ಲಿ ಅರ್ಥವಾದಷ್ಟು ಬೇರೆಯದರಲ್ಲಿ ಆಗುತ್ತಿರಲಿಲ್ಲ. ಆದರೆ ಕಾರ್ಖಾನೆ ಗೇಟಿನಲ್ಲಿ ಅರ್ಜಿ ತುಂಬಲಾರದೆ ನಿಂತ ತಂದೆಗೆ ಈ ವಾದ ಹೇಳುವ ಧೈರ್ಯ ನನಗಿಲ್ಲ. 2007ರಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಯಿತು. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗಗಳೂ ತೆರೆದವು.

ಸಭೆಯ ನಡಾವಳಿ ಪುಸ್ತಕಗಳಲ್ಲಿ ಇದೆಲ್ಲ ಸಿಗುವುದು ಕಷ್ಟ. "ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದಷ್ಟೇ ಬರೆಯುವುದು ನಮ್ಮ ರೂಢಿ. ಕೆಳಗೆ ಸಹಿಗಳು, ನಡುನಡುವೆ ಹೆಬ್ಬೆಟ್ಟು. ಆ ಹೆಬ್ಬೆಟ್ಟು ಒತ್ತಿದವರಲ್ಲಿ ಹಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಮುಖ್ಯೋಪಾಧ್ಯಾಯರು ಒಪ್ಪಿದರೆ, ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಲು, ಆ ಹಿರಿಯರ ಮಾತು ಕೇಳಿ ಬರೆದುಕೊಳ್ಳಲು ನಾನು ಭಾನುವಾರಗಳಂದು ಬರುತ್ತೇನೆ. ತಮಿಳು ಓದಿ ಬರೆಯಬಲ್ಲ ಹಳೆಯ ವಿದ್ಯಾರ್ಥಿ ಯಾರಾದರೂ ಜೊತೆಗೆ ಬಂದರೆ ಒಳ್ಳೆಯದು.