ಡಿಜೆ ಪೆಟ್ಟಿಗೆಯಲ್ಲಿ ನಮ್ಮೂರಿನ ತಟ್ಟೆಗಳು

ನಮ್ಮ ವಿದ್ಯಾನಗರದಲ್ಲಿ ‘ಡಿಜೆ’ ಅಂದ್ರೆ ಗಣೇಶನ ಮೆರವಣಿಗೆ, ಎದೆ ನಡುಗಿಸೋ ಸ್ಪೀಕರು, ಅಷ್ಟೇ :) ಆದರೆ ಡಿಜೆ ಅನ್ನೋ ಎರಡಕ್ಷರದಲ್ಲಿ ಮೊದಲನೆಯದು ಡಿಸ್ಕ್, ಅಂದ್ರೆ ತಟ್ಟೆ. ಹೊರದೇಶದ ಡಿಜೆಗಳು ತಮ್ಮ ಮೆಚ್ಚಿನ, ಮನಸ್ಸು ಕಲಕೋ ತಟ್ಟೆಗಳ ಪಟ್ಟಿ ಮಾಡ್ತಾರಲ್ಲ, ಹಾಗೆ ಹುಬ್ಬಳ್ಳಿ-ಧಾರವಾಡದಲ್ಲಿ ಕೂತು ನಾನೂ ಒಂದು ಪಟ್ಟಿ ಮಾಡಿದೀನಿ. ಮಾಡ್ತಾ ಹೋದಂತೆ ಅದು ಹಾಡಿನ ಪಟ್ಟಿಯಾಗಿ ಉಳಿಯಲಿಲ್ಲ, ಇತಿಹಾಸವಾಯ್ತು.

ಮೊದಲನೇ ತಟ್ಟೆ ಗೌಹರ್ ಜಾನ್ ಅವರದ್ದು. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಅವರ ಹಾಡು ಮುದ್ರಿಸಿಕೊಂಡ. ಆಗ ಮೈಕು ಇರಲಿಲ್ಲ, ದೊಡ್ಡ ಕೊಳವೆಯೊಳಗೆ ಮುಖ ಇಟ್ಟು ಗಟ್ಟಿಯಾಗಿ ಹಾಡಬೇಕು. ಹಾಡು ಮುಗಿದ ಕೂಡಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳ್ತಿದ್ದರು. ಯಾಕೆ ಗೊತ್ತಾ? ತಟ್ಟೆ ಅಚ್ಚಾಗ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯವರಿಗೆ ಯಾವುದು ಯಾರ ಹಾಡು ಅಂತ ತಿಳಿಯಬೇಕಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಫೈಲಿನೊಳಗೇ ಮೆಟಾಡೇಟಾ! ಈ ಗೌಹರ್ ಜಾನ್ ಕೊನೆಗೆ ನಮ್ಮ ಮೈಸೂರಿನ ಆಸ್ಥಾನಕ್ಕೆ ಬಂದರು. 1930ರಲ್ಲಿ ತೀರಿಕೊಂಡದ್ದೂ ಅಲ್ಲೇ.

ಆಗಿನ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗ್ತಿತ್ತು. ಹತ್ತು ಇಂಚಿನದಾದರೆ ಒಂದು ಬದಿಗೆ ಮೂರು ನಿಮಿಷದ ಆಸುಪಾಸು ಮಾತ್ರ. ಒಂದು ಗಂಟೆ ಅರಳಬೇಕಾದ ಖಯಾಲನ್ನು ಮೂರು ನಿಮಿಷಕ್ಕೆ ಇಳಿಸೋದು ಅಂದ್ರೆ ಎಂಥ ಕಂಪ್ರೆಶನ್ ಅಂತ ಯೋಚಿಸಿ. ಅನೇಕ ಉಸ್ತಾದರು ಮೊದಮೊದಲು ಹಿಂಜರಿದರು. ಮುಂದೆ ಬಂದವರಲ್ಲಿ ಹೆಚ್ಚಿನವರು ಸಮಾಜ ಮೂಗು ಮುರಿಯುತ್ತಿದ್ದ ಗಾಯಕಿಯರು.

ಎರಡನೇ ತಟ್ಟೆ ಅಬ್ದುಲ್ ಕರೀಮ್ ಖಾನರ ಝಿಂಜೋಟಿ ಠುಮ್ರಿ. ಗದಗಿನ ಶಾಲಾ ಮಾಸ್ತರರೊಬ್ಬರ ಮಗ ಖಾನರ ತಟ್ಟೆಗಳನ್ನು ಅಂಗಡಿಯಲ್ಲಿ ಕೇಳಿ ಕೇಳಿ ಹುಚ್ಚನಾದ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ. ಗ್ವಾಲಿಯರು ಅದು ಇದು ಅಂತ ಉತ್ತರವನ್ನೆಲ್ಲ ಸುತ್ತಿದವನಿಗೆ ಕೊನೆಗೆ ಗುರು ಸಿಕ್ಕಿದ್ದು ಹುಬ್ಬಳ್ಳಿಯ ಮಗ್ಗುಲಲ್ಲೇ ಇರೋ ಕುಂದಗೋಳದ ಸವಾಯಿ ಗಂಧರ್ವರಲ್ಲಿ. ಅವರು ಅದೇ ಕರೀಮ್ ಖಾನರ ಶಿಷ್ಯರು. ಹುಡುಗ ಯಾರು ಅಂತ ಹೇಳಬೇಕಿಲ್ಲ, ಭೀಮಸೇನ ಜೋಶಿ.

ಮೂರನೆಯದು ನನ್ನ ಅತಿ ಮೆಚ್ಚಿನದು. 1930ರ ದಶಕದ ಎಚ್‌ಎಂವಿ ತಟ್ಟೆ, ಲೇಬಲ್ಲಿನ ಮೇಲೆ ‘ಗಾಂಧಾರಿ ಹುಬ್ಳೀಕರ್’. ಎಳೆಯ, ತೆಳುವಾದ, ಮೇಲಕ್ಕೆ ಚಿಮ್ಮೋ ಹೆಣ್ಣು ದನಿ. ಇವರೇ ಗಂಗೂಬಾಯಿ ಹಾನಗಲ್ ಅಂದ್ರೆ ನಂಬೋದು ಕಷ್ಟ! ಗಂಟಲಿನ ಟಾನ್ಸಿಲ್ ಚಿಕಿತ್ಸೆಯ ನಂತರ ದನಿ ಒಡೆದು, ನಾವೆಲ್ಲ ಬಲ್ಲ ಆ ಗಂಡುದನಿಯಾಯ್ತು. ಆ ಹಳೆಯ ದನಿ ಇವತ್ತು ಬದುಕಿರೋದು ಅರಗಿನ ತಟ್ಟೆಗಳಲ್ಲಿ ಮಾತ್ರ.

ಗಂಗೂಬಾಯಿ ಚಿಕ್ಕವರಿದ್ದಾಗ ಬೀದಿಯಲ್ಲಿ ಗ್ರಾಮಫೋನ್ ಕೇಳಿಸಿದರೆ ಹೊರಗೆ ಓಡಿ ಬಂದು ಕೇಳಿ, ಅದನ್ನೇ ಹಾಡ್ತಿದ್ದರಂತೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು, ಸ್ವಾಗತಗೀತೆ ಹಾಡಿದವರಲ್ಲಿ ಈ ಹುಡುಗಿಯೂ ಇದ್ದಳು. ಹಾಡುವಾಗ ಅವಳ ಮನಸ್ಸಲ್ಲಿದ್ದ ಅಂಜಿಕೆ ಏನು ಗೊತ್ತೇ? ತನ್ನ ಜಾತಿ ನೋಡಿ, ಊಟವಾದ ಮೇಲೆ ತಾಟು ತೆಗೀ ಅಂದುಬಿಟ್ಟರೆ... ಅಂತ. ಇದನ್ನ ಓದಿದಾಗಿನಿಂದ ಒಂದು ವಿಷಯ ನನ್ನ ತಲೆ ಬಿಟ್ಟು ಹೋಗ್ತಿಲ್ಲ. ಗಾಯಕಿಯನ್ನು ಪಡಸಾಲೆಯೊಳಗೆ ಬಿಟ್ಟುಕೊಳ್ಳದ ಮನೆಗೂ ಅವಳ ತಟ್ಟೆ ಹೋಗಬಹುದಿತ್ತು. ತಟ್ಟೆಗೆ ಮೈಲಿಗೆ ಇರಲಿಲ್ಲ. ದನಿಗೆ ಬಾಗಿಲು ತೆರೀತು, ದನಿ ಯಾರದ್ದೋ ಅವರಿಗೆ ತೆರೆಯೋಕೆ ಇನ್ನೂ ಬಹಳ ಕಾಲ ಬೇಕಾಯ್ತು.

ಇದು ನಮ್ಮಲ್ಲಷ್ಟೇ ನಡೆದದ್ದಲ್ಲ. ಅಮೆರಿಕದ ಕಂಪನಿಗಳೂ 1920ರ ದಶಕದಲ್ಲಿ ಕರಿಯ ಗಾಯಕರ ತಟ್ಟೆಗಳನ್ನು ಬೇರೆ ಪಂಕ್ತಿಯಲ್ಲಿಟ್ಟು ಮಾರಿದವು. ಟೆಕ್ಸಸ್ಸಿನ ಬೀದಿಗಳಲ್ಲಿ ಹಾಡ್ತಿದ್ದ ಕುರುಡ ವಿಲ್ಲಿ ಜಾನ್ಸನ್ 1927ರಲ್ಲಿ ಮಾತೇ ಇಲ್ಲದ, ಬರೀ ಗುನುಗೋ ಒಂದು ಹಾಡು ಮುದ್ರಿಸಿದ. 1945ರಲ್ಲಿ ಬಡತನದಲ್ಲೇ ಸತ್ತ. ಆ ಗುನುಗು ಈಗೆಲ್ಲಿದೆ ಗೊತ್ತೇ? ವಾಯೇಜರ್ ನೌಕೆಯ ಚಿನ್ನದ ತಟ್ಟೆಯಲ್ಲಿ! ಅದೇ ತಟ್ಟೆಯಲ್ಲಿ ಗೋವೆಯ ಕೇಸರಬಾಯಿ ಕೇರ್ಕರರ ಭೈರವಿಯೂ ಇದೆ. ಕೇಸರಬಾಯಿ ಅಲ್ಲಾದಿಯಾ ಖಾನರ ಶಿಷ್ಯೆ, ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರು ಅದೇ ಖಾನರ ಮಕ್ಕಳ ಶಿಷ್ಯ. ಹಾಗಾಗಿ ಆ ತಟ್ಟೆ ಒಂದು ರೀತಿಯಲ್ಲಿ ಧಾರವಾಡದ ದಾಯಾದಿ :) 1977ರಲ್ಲಿ ಹಾರಿದ ವಾಯೇಜರ್ 1 2012ರಲ್ಲಿ ಸೂರ್ಯನ ಗಾಳಿಯ ಎಲ್ಲೆ ದಾಟಿತು.

ಅಲ್ಲಿ ತಟ್ಟೆ ಸುರಕ್ಷಿತ. ಇಲ್ಲಿ? ಅರಗಿನ ತಟ್ಟೆ ಕೈಜಾರಿದರೆ ಚೂರು ಚೂರು. ಎಷ್ಟೋ ಮನೆಗಳಲ್ಲಿ ಗುಜರಿಗೆ ಹೋಗಿವೆ. ನಿಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಕಪ್ಪು ತಟ್ಟೆಗಳ ಕಟ್ಟು ಇದ್ದರೆ ದಯವಿಟ್ಟು ಎಸೀಬೇಡಿ. ನೆಟ್ಟಗೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ, ಸ್ಪಿರಿಟ್ಟಿನಿಂದಂತೂ ಒರೆಸಲೇಬೇಡಿ, ಅರಗು ಕರಗುತ್ತೆ. ಸಾಧ್ಯವಾದರೆ ಡಿಜಿಟೈಸ್ ಮಾಡಿಸಿ. ಆಗ ಲೇಬಲ್ಲಿನ ಫೋಟೋ ತೆಗೆದು, ಹೆಸರನ್ನೂ ಫೈಲಿಗೆ ಸೇರಿಸಿ. ಗೌಹರ್ ಜಾನ್ ಪ್ರತಿ ಸಲ ಹಾಡಿದ ಮೇಲೆ ಹೆಸರು ಕೂಗಿ ಹೇಳ್ತಿದ್ದರು, ನಮಗೆ ಟೈಪ್ ಮಾಡೋಕಾದ್ರೂ ಆಗಲ್ವಾ?

ನಿಮ್ಮ ಪೆಟ್ಟಿಗೆಯಲ್ಲಿ ಯಾವ ತಟ್ಟೆಗಳಿವೆ? ತಿಳಿಸಿ.